14 ಕೋಣೆಯ ಡಂಜನ್, ಆಟ ಮುಗಿದ ಮೇಲೆ ಒಂದು ಕೋಣೆಯೂ ನೆನಪಿರುವುದಿಲ್ಲ. ಮೊದಲು ಏನು ಬದಲಿಸಬೇಕು?

ಕೋಥ್ರೂಡ್ ದಾಳ, ಪುಣೆ

ನಮಸ್ಕಾರ ಎಲ್ಲರಿಗೂ. ಆಟ ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಮಾತು ಮತ್ತು ದಾಳದಲ್ಲಿ ಆಡುವ ಸಾಹಸದ ಆಟ), ಐದನೇ ಆವೃತ್ತಿ, 2014ರ ನಿಯಮ. ಆಟ ನಡೆಸುವುದು ನಾನು. ಆಟಗಾರರು ನಾಲ್ಕು ಜನ, ಎಲ್ಲರೂ ಲೆವೆಲ್ 3. ಒಂದು ಸೆಷನ್ ಅಂದರೆ ಮೂರೂವರೆ ಗಂಟೆ. ಮೇಜಿನ ಮೇಲೆ ಮಾತು ಪೂರ್ತಿ ಕನ್ನಡ.

ಡಂಜನ್, ಅಂದರೆ ಆಟಗಾರರು ಹೊಕ್ಕು ಹುಡುಕುವ ನೆಲಮಾಳಿಗೆಯಂಥ ಜಾಗ, ಹೀಗಿದೆ: ಸಹ್ಯಾದ್ರಿಯಂಥದ್ದೇ ಒಂದು ಬೆಟ್ಟ, ಅದರಲ್ಲಿ ಬಂಡೆ ಕೊರೆದು ಮಾಡಿದ ಹಳೆಯ ವಿಹಾರ. ಭಿಕ್ಷುಗಳು ಬಿಟ್ಟುಹೋಗಿ ಶತಮಾನಗಳಾದ ಮೇಲೆ ಬೆಟ್ಟದ ತುದಿಯ ಕೋಟೆಯವರು ಅದನ್ನು ಉಗ್ರಾಣ ಮಾಡಿಕೊಂಡರು. ಈಗ ಅಲ್ಲಿ ಕೊಬೋಲ್ಡ್‌ಗಳಿವೆ, ಹಲ್ಲಿಯಂಥ ಕುಳ್ಳ ಜೀವಿಗಳು. ಕಟ್ಟಕಡೆಯ ಕೋಣೆಯಲ್ಲಿ ಸತ್ತ ಮೇಲೂ ಕಾವಲು ಬಿಡದ ಕಿಲ್ಲೇದಾರ, ಅಂದರೆ ಕೋಟೆಯ ಅಧಿಕಾರಿ. ಅವನಿಗೆ ನಿಯಮದಲ್ಲಿರುವ ವೈಟ್ (wight) ಎಂಬ ಸತ್ತೂ ನಡೆದಾಡುವ ಜೀವಿಯ ಅಂಕಿಗಳನ್ನು ಕೊಟ್ಟಿದ್ದೇನೆ.

ತೊಂದರೆ ಏನೆಂದರೆ ಬಾಗಿಲು, ಜಗಳ, ಪೆಟ್ಟಿಗೆ, ಮತ್ತೆ ಬಾಗಿಲು; 14 ಕೋಣೆಯೂ ಒಂದೇ ಥರ ದಾಟಿಹೋಗುತ್ತವೆ. ಪ್ರತಿ ಕೋಣೆಗೂ ಎಂಟು-ಹತ್ತು ಸಾಲಿನ ವರ್ಣನೆ ಬರೆದಿದೆ, ನಾಲ್ಕನೇ ಸಾಲಿಗೆ ಎಲ್ಲರ ಕೈ ಮೊಬೈಲ್‌ಗೆ ಹೋಗುತ್ತದೆ. ಟ್ರ್ಯಾಪ್ ಅಂದರೆ ಒಂದು ಪರ್ಸೆಪ್ಷನ್ (ಗಮನಿಸುವ ಶಕ್ತಿಯ) ದಾಳ, ತಪ್ಪಿದರೆ ಮೂರ್ನಾಲ್ಕು ಪಾಯಿಂಟ್ ಪೆಟ್ಟು, ಅಷ್ಟಕ್ಕೇ ಮುಗಿಯಿತು. ಮಿನಿಯೇಚರ್, ತ್ರೀಡಿ ಪ್ರಿಂಟ್ ಬೇಡ, ಕಾಗದ ಪೆನ್ಸಿಲ್ ಸಾಕು. ಇರುವ ನಕ್ಷೆಯಲ್ಲೇ ಏನು ತಿದ್ದಿದರೆ ಜಾಗ ಮನಸ್ಸಿನಲ್ಲಿ ಕೂರುತ್ತದೆ?


ಗುಮ್ಮಟ ಪುಣೇಕರ, ಪುಣೆ

ನಕ್ಷೆ ಸ್ವಲ್ಪ ಬಾಜೂಕ ಇಡ್ರಿ. ಮೊದಲ ಒಂದ ಪ್ರಶ್ನೆಗೆ ಉತ್ತರ ಬರೀರಿ: ಅಲ್ಲಿದ್ದ ಮಂದಿ ನೀರು ಎಲ್ಲಿಂದ ಕುಡೀತಿದ್ರು?

ಬೊರಿವಲಿಯ ಕಾನ್ಹೇರಿ ನೋಡ್ರಿ. ನೂರಕ್ಕಿಂತ ಹೆಚ್ಚು ಗುಹೆ ಅದಾವ. ಬಹಳಷ್ಟು ಗುಹೆ ಮುಂದ ಅಂಗಳದ ಬಾಜೂಕ ಒಂದ ನೀರಿನ ಟಾಕಿ. ಮ್ಯಾಲಿನ ಬಂಡೀಗೆ ಸಣ್ಣ ಕಾಲುವೆ ಕೊರದು ಮಳಿ ನೀರು ಆ ಟಾಕಿಗೆ ಇಳಿಸ್ಯಾರ. ಒಳಗ ಮಲಗಾಕ ಕಲ್ಲಿನ ಕಟ್ಟಿ. ಅಂದ್ರ ಅದು ಮಂದಿ ಬದುಕಿದ ಮನಿ. ನಿಮ್ಮ ಡಂಜನ್ನಿನಾಗ ಮಲಗೂದ ಎಲ್ಲೆ, ಅಡಗಿ ಎಲ್ಲೆ, ಹೊಗಿ ಎಲ್ಲಿಂದ ಹೊರಗ ಹೋಗ್ತದ, ಹೊಲಸು ಎಲ್ಲಿ ಬೀಳ್ತದ ಅನ್ನೂದು ನಿಮಗ ಗೊತ್ತಿಲ್ಲಂದ್ರ ಆಟಗಾರರಿಗೆ ಊಹೆ ಮಾಡಾಕ ಏನೂ ಸಿಗೂದಿಲ್ಲ. 'ಇಲ್ಲೆ ಟಾಕಿ ಅದ ಅಂದ್ರ ಮ್ಯಾಲೆ ಕಾಲುವೆ ಇರಬೇಕು, ಕಾಲುವೆ ಹಿಡದು ಹೋದ್ರ ಇನ್ನೊಂದು ಬಾಗಿಲ ಸಿಗಬೇಕು' ಅಂತ ಅವರ ಬಾಯಿಂದ ಬರಬೇಕು. ಹಂಗ ಬಂದ ಕೋಣಿ ಮರಿಯೂದಿಲ್ಲ.

ಪ್ರತಿ ಕೋಣಿಗೆ ಮೂರು ಸಾಲು ಬರೀರಿ. ಕೊರದಾವ್ರು ಯಾಕ ಕೊರದ್ರು, ಕೋಟೆಯವ್ರು ಅದನ್ನ ಏನ ಮಾಡಿದ್ರು, ಕೊಬೋಲ್ಡ್ ಈಗ ಏನ ಮಾಡಾಕತ್ತಾವ. ಒಂದ ಕೋಣಿ ಮಾಡಿ ತೋರಸ್ತೀನಿ: ಎಂಟು ಭಿಕ್ಷುಗಳ ಮಲಗೂ ಕೋಣಿಗಳು ಸುತ್ತಲೂ, ನಡುವ ಅಂಗಳ. ಕೋಟೆಯವ್ರು ಅದರಾಗ ತೋಪಿನ ಮದ್ದು ಇಟ್ರು, ಅದಕ್ಕ ನೆಲಕ್ಕ ಕಬ್ಬಿಣ ತಾಗಬಾರದು ಅಂತ ಕಟ್ಟಿಗಿ ಹಲಗಿ ಹಾಸಿದ್ರು. ಕೊಬೋಲ್ಡ್ ಆ ಹಲಗಿ ಕಿತ್ತಿ ಬ್ಯಾರೆ ಕಡೆ ತಡಿ ಮಾಡ್ಯಾವ. ಹಂಗಾಗಿ ಒಂದ ಕೋಣಿಯೊಳಗ ಹಲಗಿ ಇಲ್ಲದ ನೆಲದ ಮ್ಯಾಲೆ ಮೊಳಿ ತೂತು, ಮೂರು ಕೋಣಿ ಆಚೆ ಅದೇ ಹಲಗಿಯ ಗೋಡಿ, ಅದರ ಮ್ಯಾಲೆ ಕರೇ ಮದ್ದಿನ ಕಲಿ. ಎರಡೂ ನೋಡಿದವ ಒಂದಕ್ಕೊಂದು ಜೋಡಸ್ತಾನ. ಆ ಗೋಡಿಗೆ ಬೆಂಕಿ ಹಚ್ಚೂ ವಿಚಾರ ಮಾಡೂ ಮೊದಲ ಎರಡ ಸಲ ಯೋಚನಿ ಮಾಡ್ತಾನ.

ಬಂಡಿ ಕೊರಿಯೂ ಕೆಲಸದ ಬಗ್ಗೆ ಎರಡು ಮಾತು ತಿಳಕೊಂಡ್ರ ಭಾಳ ಉಪಯೋಗ ಆಗ್ತದ. ಒಂದು, ಕೆಲಸ ಮ್ಯಾಲಿಂದ ಕೆಳಗ ಇಳೀತದ. ಮೊದಲ ಛತ್ತು, ಕಡೀಕ ನೆಲ. ಅರ್ಧಕ್ಕ ನಿಂತ ಗುಹಿಯೊಳಗ ಛತ್ತು ನುಣುಪ ಇರ್ತದ, ನೆಲದಾಗ ಕಲ್ಲಿನ ದಿಮ್ಮಿ ಎದ್ದು ನಿಂತಿರ್ತಾವ. ಇಲ್ಲೆ ಜಂಗ್ಲಿ ಮಹಾರಾಜ ರಸ್ತೆಯ ಪಾತಾಳೇಶ್ವರ ನಮ್ಮ ರಾಷ್ಟ್ರಕೂಟರ ಕಾಲದ್ದು, 8ನೇ ಶತಮಾನ, ಅದೂ ಅರ್ಧಕ್ಕ ನಿಂತದ. ನಿಮ್ಮದರಾಗೂ ಒಂದ ಕೋಣಿ ಅರ್ಧಕ್ಕ ಬಿಡ್ರಿ. ಯಾಕ ಬಿಟ್ರು ಅನ್ನೂ ಪ್ರಶ್ನಿ ತಾನ ಹುಟ್ಟತದ. ಎರಡು, ಈ ಭಾಗದ ಕರೇ ಕಲ್ಲು ಪದರ ಪದರ ಅದ, ಲಾವಾ ಹರದು ಹರದು ಆದದ್ದು. ಎರಡು ಪದರದ ನಡುವ ಒಮ್ಮೊಮ್ಮೆ ಕೆಂಪು ಮೆತ್ತಗಿನ ಪದರ ಇರ್ತದ. ಕೊಬೋಲ್ಡ್ ಗಟ್ಟಿ ಕಲ್ಲು ಯಾಕ ಒಡೀತಾವ? ಅವುಗಳ ಸುರಂಗ ಎಲ್ಲಾ ಆ ಕೆಂಪು ಪದರದಾಗ ಇಡ್ರಿ, ಅದೂ ನೆಲದಿಂದ ಒಂದೇ ಎತ್ತರದಾಗ. ಮೊದಲನೇ ಸುರಂಗ ಸಿಕ್ಕ ಮ್ಯಾಲೆ ಆಟಗಾರರು ಪ್ರತಿ ಕೋಣಿಯೊಳಗ 'ಕೆಂಪು ಗೆರಿ ಅದ ಏನ್ರಿ?' ಅಂತ ತಾವ ಕೇಳತಾರ.

ಇನ್ನೊಂದು: ಕೊರದ ಗುಹಿಯೊಳಗ ಇಟ್ಟಂಗಿ ಇಲ್ಲ, ಗಾರಿ ಇಲ್ಲ. ತಿರುಗೂ ಗೋಡಿ, ಜಾರೂ ಕಲ್ಲು ಅಲ್ಲೆ ಸುಳ್ಳ ಅನಸ್ತಾವ. ಗುಪ್ತ ದಾರಿ ಬೇಕಂದ್ರ ನೀರಿನಾಗ ಇಡ್ರಿ. ಎರಡು ಟಾಕಿ ಬಾಜೂ ಬಾಜೂ, ನಡುವಿನ ಗೋಡಿ ನೀರಿನ ಮಟ್ಟದಿಂದ ನಾಕು ಅಡಿ ಕೆಳಗ ತೆರದದ. ಬ್ಯಾಸಗಿಯೊಳಗ ನೀರು ಇಳದ್ರ ಆ ಕಿಂಡಿ ಕಣ್ಣಿಗೆ ಕಾಣ್ತದ, ಮಳಿಗಾಲದಾಗ ಮುಳಗಿರ್ತದ. ಒಂದ ನಕ್ಷೆ, ಎರಡು ಡಂಜನ್.


ಮಾಟುಂಗಾ ಮೇಜು, ಮುಂಬೈ

ಗುಮ್ಮಟ ಅವರ ಕೆಂಪು ಪದರವನ್ನು ಹಾಗೇ ಎತ್ತಿಟ್ಟುಕೊಳ್ಳಬೇಕು, ಬಹಳ ಒಳ್ಳೆಯದು. ಆದರೆ ಜಾಗಕ್ಕೆ ಎಷ್ಟೇ ಇತಿಹಾಸ ಕೊಟ್ಟರೂ ಕೋಣೆಗಳು ಮಣಿಸರದ ಹಾಗೆ ಒಂದೇ ದಾರದಲ್ಲಿದ್ದರೆ ಆಟಗಾರರಿಗೆ ತೀರ್ಮಾನಿಸಲು ಏನೂ ಇರುವುದಿಲ್ಲ.

ಲೆಕ್ಕ ಸುಲಭ. ಪ್ರತಿ ಕೋಣೆಗೆ ಒಂದು ಚುಕ್ಕಿ, ಪ್ರತಿ ದಾರಿಗೆ ಒಂದು ಗೆರೆ. ಗೆರೆಗಳಿಂದ ಚುಕ್ಕಿಗಳನ್ನು ಕಳೆದು ಒಂದು ಕೂಡಿಸಿ. ಬಂದದ್ದು ಸುತ್ತುದಾರಿಗಳ ಸಂಖ್ಯೆ. 14 ಚುಕ್ಕಿ, 13 ಗೆರೆ ಆದರೆ ಸೊನ್ನೆ. ಇನ್ನು ಮೂರೇ ಗೆರೆ ಎಳೆದು 16 ಮಾಡಿ, ಸುತ್ತು ಮೂರಾಗುತ್ತದೆ. ಈ ಗಾತ್ರಕ್ಕೆ ಎರಡರಿಂದ ಮೂರು ಸಾಕು. ಐದಾರು ಮಾಡಿದರೆ ಎಲ್ಲಿ ಹೋದರೂ ಎಲ್ಲಿಗಾದರೂ ತಲುಪುತ್ತಾರೆ, ಆಗ ಆಯ್ಕೆಗೆ ಬೆಲೆಯೇ ಇಲ್ಲ. ಈ ಸುತ್ತುದಾರಿಯ ಕಲೆಯಲ್ಲಿ ಡಂಜನ್ ನಕ್ಷೆಗಳನ್ನು ರಚಿಸಿದ ಜೆನೆಲ್ ಜೇಕ್ವೇಸ್ ಅವರ ಹೆಸರೇ ಇಂಗ್ಲಿಷಿನಲ್ಲಿ ಒಂದು ಕ್ರಿಯಾಪದವಾಗಿ ನಿಂತಿದೆ. ಅವರ 1979ರ ಗುಹಾ ನಕ್ಷೆಗಳಲ್ಲಿ ಒಳಹೋಗಲು ಹಲವು ಬಾಯಿ, ಮಹಡಿಯಿಂದ ಮಹಡಿಗೆ ಹಲವು ದಾರಿ.

ಸುತ್ತು ಎಳೆದರೆ ಮಾತ್ರ ಸಾಲದು, ಎರಡೂ ದಾರಿಗೆ ಬೇರೆ ಬೇರೆ ಖರ್ಚು ಇರಬೇಕು. ನಿಮ್ಮ ನಕ್ಷೆಗೆ ಹೊಂದುವ ಮೂರು ಹೇಳುತ್ತೇನೆ. ಟಾಕಿಯ ಕೆಳಗಿನ ಕಿಂಡಿ: ಹತ್ತಿರ, ಆದರೆ ದೀಪ ಆರುತ್ತದೆ, ಸುರುಳಿ ಕಾಗದಗಳು ನೆನೆಯುತ್ತವೆ. ಕೊಬೋಲ್ಡ್ ಸುರಂಗ: ಸದ್ದಿಲ್ಲ, ಆದರೆ ಮನುಷ್ಯ ಗಾತ್ರದವರು ಮೈ ಹಿಂಡಿಕೊಂಡೇ ಹೋಗಬೇಕು. ನಿಯಮದ ಪ್ರಕಾರ ಪ್ರತಿ ಅಡಿಗೆ ಎರಡು ಅಡಿಯ ನಡಿಗೆ ಖರ್ಚು, ಹೊಡೆತಕ್ಕೂ ಡೆಕ್ಸ್ ಸೇವ್‌ಗೂ (ಚುರುಕಿನಿಂದ ತಪ್ಪಿಸಿಕೊಳ್ಳುವ ದಾಳ) ಡಿಸ್‌ಅಡ್ವಾಂಟೇಜ್, ಅಂದರೆ ಎರಡು ದಾಳದಲ್ಲಿ ಕಡಿಮೆಯದು; ಅವರ ಮೇಲೆ ಹೊಡೆಯುವವರಿಗೆ ಅಡ್ವಾಂಟೇಜ್, ಅಂದರೆ ಹೆಚ್ಚಿನದು. ಕೋಟೆಯವರ ಮೆಟ್ಟಿಲು: ಅಗಲ, ನೆಟ್ಟಗೆ, ಆದರೆ ಮೇಲಿನಿಂದ ಕಾಣುತ್ತದೆ. ಕವಲಿನಲ್ಲಿ ನಿಂತಾಗ ಈ ಖರ್ಚಿನ ಸುಳಿವು ಸಿಗಬೇಕು. ಎಡಕ್ಕೆ ತಂಪು ಗಾಳಿ, ನೀರಿನ ವಾಸನೆ. ಬಲಕ್ಕೆ ಮಾಡಿನ ಮೇಲೆ ಹೊಸ ದೀಪದ ಮಸಿ. ಸುಳಿವಿಲ್ಲದ ಕವಲು ನಾಣ್ಯ ಚಿಮ್ಮಿದ ಹಾಗೆ, ಯಾರಿಗೂ ನೆನಪಿರುವುದಿಲ್ಲ.

ಒಂದೇ ಕೋಣೆಗೆ ಎರಡು ಕಡೆಯಿಂದ ಬಂದರೆ ಎರಡು ಕೋಣೆ ಅನ್ನಿಸಬೇಕು. ಇದಕ್ಕೆ ಘಾರಾಪುರಿ, ಅಂದರೆ ಎಲಿಫೆಂಟಾದ ದೊಡ್ಡ ಗುಹೆಗಿಂತ ಒಳ್ಳೆಯ ಪಾಠ ಮುಂಬೈಯಲ್ಲಿಲ್ಲ. ಉತ್ತರದ ಬಾಗಿಲಿಂದ ಬಂದವರಿಗೆ ಎದುರು ಗೋಡೆಯಲ್ಲಿ ಸದಾಶಿವನ ಮೂರು ಮುಖ, ಸುಮಾರು 18 ಅಡಿ ಎತ್ತರ. ಪೂರ್ವದಿಂದ ಬಂದವರಿಗೆ ನೇರಕ್ಕೆ ಕಾಣುವುದು ಪಶ್ಚಿಮದ ಲಿಂಗದ ಗುಡಿ, ನಾಲ್ಕು ಬಾಗಿಲು, ಪ್ರತಿ ಬಾಗಿಲಿಗೂ ದ್ವಾರಪಾಲಕರು. ಅದೇ ಕಂಬಗಳು, ಅದೇ ನೆಲ. ಬೆಳಕು ಮೂರು ಕಡೆಯಿಂದ. ನಿಮ್ಮ ದೊಡ್ಡ ಸಭಾಂಗಣವನ್ನು ಹೀಗೆ ಮಾಡಿ: ಮುಖ್ಯ ಬಾಗಿಲಿಂದ ಬಂದರೆ ಕಾಣುವುದು ಸ್ತೂಪ, ಸುರಂಗದಿಂದ ಬಂದರೆ ಸ್ತೂಪದ ಬೆನ್ನು, ಆ ಬೆನ್ನಿನಲ್ಲಿ ಕೋಟೆಯವರು ಕೊರೆದ ಕಪಾಟು. ಸ್ತೂಪದ ಮೇಲೆ ಬೆಳಕು ಬೀಳಲು ಕಾರ್ಲಾ ಗುಹೆಗಳ ಚೈತ್ಯದಲ್ಲಿರುವಂತೆ (ಬೌದ್ಧರ ಪ್ರಾರ್ಥನಾ ಸಭಾಂಗಣ) ಮುಂಭಾಗದಲ್ಲಿ ಲಾಳದ ಆಕಾರದ ದೊಡ್ಡ ಕಿಟಕಿ ಇಡಿ. ಒಳಗೆಲ್ಲೇ ಕಳೆದುಹೋದರೂ ಆ ಬೆಳಕು ಕಂಡರೆ ಎಲ್ಲಿದ್ದೇವೆ ಅಂತ ಗೊತ್ತಾಗಬೇಕು. ದೊಡ್ಡ ಗುರುತು ಒಂದೇ ಸಾಕು, ಎರಡಿದ್ದರೆ ಗೊಂದಲ.

ಮತ್ತೆ, ಒಂದು ಬಾಗಿಲು ಒಳಗಡೆಯಿಂದ ಅಗುಳಿ ಹಾಕಿದ್ದಿರಲಿ, ಮೊದಲ ಕೋಣೆಯಲ್ಲೇ. ಒಂಬತ್ತನೇ ಕೋಣೆ ತಲುಪಿದವರು ಅಗುಳಿ ತೆಗೆದರೆ ಮತ್ತೆ ಮೊದಲ ಕೋಣೆ! 2011ರ ಡಾರ್ಕ್ ಸೋಲ್ಸ್ ವಿಡಿಯೋ ಗೇಮ್‌ನಲ್ಲಿ ಚರ್ಚಿನಿಂದ ಲಿಫ್ಟ್ ಇಳಿದು ಫೈರ್‌ಲಿಂಕ್ ಬೆಂಕಿಯ ಹತ್ತಿರ ಬಂದು ನಿಂತಾಗ ಆಗುವ ಬೆರಗು ಅದೇ.


ವಾಸ್ಕೋ ಹಣತೆ, ಗೋವಾ

ಇಬ್ಬರೂ ಜಾಗದ ಬಗ್ಗೆ ಹೇಳಿದರು. ಆ ಜಾಗದಲ್ಲಿ ಹೊತ್ತು ಹೋಗುವುದಕ್ಕೆ ಬೆಲೆ ಇಲ್ಲದಿದ್ದರೆ ಆಟಗಾರರು ಪ್ರತಿ ಮೂಲೆಯನ್ನೂ ಗುಡಿಸಿ ಮುಂದೆ ಹೋಗುತ್ತಾರೆ. ಹಾಗಾಗಿ ದೀಪದ ಲೆಕ್ಕ ಇಡಿ.

ಪಂಜು: 20 ಅಡಿ ಪೂರ್ಣ ಬೆಳಕು, ಅದರಾಚೆ 20 ಅಡಿ ಮಂದ ಬೆಳಕು, ಒಂದು ಗಂಟೆ. ಮುಚ್ಚಳದ ಲಾಂದ್ರ: 30 ಮತ್ತು 30, ಒಂದು ಪೈಂಟ್ ಎಣ್ಣೆಗೆ ಆರು ಗಂಟೆ, ಮುಚ್ಚಳ ಇಳಿಸಿದರೆ 5 ಅಡಿ ಮಂದ ಬೆಳಕು. ಮೇಣದಬತ್ತಿ: 5 ಮತ್ತು 5.

ಈಗ ಹೊತ್ತು. ಒಳಗಿನ ಕೆಲಸವನ್ನು ಹತ್ತು ನಿಮಿಷದ ಸರದಿಗಳಾಗಿ ಎಣಿಸಿ. ಕೋಣೆ ಜಾಲಾಡುವುದು ಒಂದು ಸರದಿ, ಬೀಗ ಬಿಡಿಸುವುದು ಒಂದು, ಗಾಯಕ್ಕೆ ಪಟ್ಟಿ ಕಟ್ಟಿ ಉಸಿರು ಬಿಡುವುದು ಒಂದು. ಆರು ಸರದಿಗೆ ಒಂದು ಪಂಜು ಮುಗಿಯುತ್ತದೆ. ಮೇಜಿನ ಮೇಲೆ ಆರು ಹುಣಸೆಬೀಜ ಇಟ್ಟು ಸರದಿಗೊಂದರಂತೆ ಎತ್ತಿ. ಬಾಯಲ್ಲಿ ಹೇಳುವುದಕ್ಕಿಂತ ಬೀಜ ಕಡಿಮೆಯಾಗುವುದು ಕಣ್ಣಿಗೆ ಕಂಡರೆ ಕೆಲಸ ಮಾಡುತ್ತದೆ. ಎರಡು ಸರದಿಗೊಮ್ಮೆ ಡಿ6 (ಆರು ಮುಖದ ದಾಳ) ಉರುಳಿಸಿ, 1 ಬಿದ್ದರೆ ಏನೋ ಒಂದು ನಡೆಯುತ್ತದೆ. ಇದು ಡಿ ಅಂಡ್ ಡಿಯ 1981ರ ಬೇಸಿಕ್ ನಿಯಮದ ಪದ್ಧತಿ, ಇವತ್ತಿಗೂ ಸರಿಯಾಗಿ ಕೂರುತ್ತದೆ. ಒಳಗೆ ಮೂರು ಗಂಟೆ ಕಳೆದರೆ 18 ಸರದಿ, 9 ದಾಳ, ಸರಾಸರಿ ಒಂದೂವರೆ ಘಟನೆ. ಏನೂ ಆಗದೆ ಹೋಗುವ ಸಾಧ್ಯತೆ ನೂರಕ್ಕೆ 19. ಇದು ಸರಿಯಾದ ಹದ. ಪ್ರತಿ ಸರದಿಗೂ ಉರುಳಿಸಿದರೆ ಘಟನೆ ಮೂರಾಗುತ್ತದೆ, ಆಟ ಬರೀ ಜಗಳವಾಗುತ್ತದೆ. ಬಾಗಿಲು ಒಡೆದರೆ, ಕೂಗಾಡಿದರೆ ಮಾತ್ರ ಹೆಚ್ಚಿನ ಒಂದು ದಾಳ.

ಘಟನೆ ಎಂದರೆ ಶತ್ರುವೇ ಬರಬೇಕೆಂದಿಲ್ಲ. ಆರರ ಪಟ್ಟಿಯಲ್ಲಿ ಎರಡು ಮಾತ್ರ ಜಗಳದ್ದಿರಲಿ. ಉಳಿದವು: ಗಾಳಿ ಬೀಸಿ ದೀಪ ಕುಣಿಯುವುದು, ಹಿಂದೆ ಮುಚ್ಚಿದ್ದ ಬಾಗಿಲು ಈಗ ತೆರೆದಿರುವುದು, ದೂರದಲ್ಲಿ ಕಬ್ಬಿಣದ ಕಾಲು ಎಳೆದ ಸದ್ದು, ಅದು ಕಿಲ್ಲೇದಾರನದು, ಒಂಟಿ ಕೊಬೋಲ್ಡ್ ನೀರು ಹೊತ್ತು ಹೋಗುತ್ತಿರುವುದು, ಅದಿನ್ನೂ ಇವರನ್ನು ನೋಡಿಲ್ಲ.

ಡಾರ್ಕ್‌ವಿಷನ್ (ಕತ್ತಲಲ್ಲಿ ಕಾಣುವ ಶಕ್ತಿ) ಇದ್ದರೆ ದೀಪವೇ ಬೇಡ ಎನ್ನುವ ಆಟಗಾರರಿಗೆ ನಿಯಮ ಪೂರ್ತಿ ಓದಿ ಹೇಳಿ. 60 ಅಡಿಯೊಳಗೆ ಕತ್ತಲು ಅವರಿಗೆ ಮಂದ ಬೆಳಕಿನ ಹಾಗೆ ಮಾತ್ರ ಕಾಣುತ್ತದೆ. ಅಂದರೆ ಕಣ್ಣಿನ ಪರ್ಸೆಪ್ಷನ್‌ಗೆ ಡಿಸ್‌ಅಡ್ವಾಂಟೇಜ್, ದಾಳ ಉರುಳಿಸದೆ ಬಳಸುವ ಪ್ಯಾಸಿವ್ ಅಂಕಿಯಾದರೆ 5 ಕಡಿಮೆ. ಬಣ್ಣವೂ ಕಾಣದು, ಬರೀ ಬೂದು. ಇಲ್ಲಿ ಗುಮ್ಮಟ ಅವರ ಕೆಂಪು ಪದರ ಇನ್ನೂ ಚಂದ ಆಗುತ್ತದೆ: ದೀಪವಿಲ್ಲದೆ ನಡೆದವರಿಗೆ ಆ ಗೆರೆ ಕೆಂಪಾಗಿ ಕಾಣುವುದೇ ಇಲ್ಲ. ದೀಪ ಹಚ್ಚಿದರೆ ಸುಳಿವು ಸಿಗುತ್ತದೆ, ಆದರೆ ಕೊಬೋಲ್ಡ್‌ಗಳಿಗೆ ಇವರು ಕಾಣುತ್ತಾರೆ. ಪ್ರತಿ ಕವಲಿನಲ್ಲೂ ಈ ಇಕ್ಕಟ್ಟು ಇರಲಿ.

ಖಾಲಿ ಕೋಣೆಗಳಿಗೆ ಹೆದರಬೇಡಿ. ಅದೇ 1981ರ ನಿಯಮದಲ್ಲಿ ಕೋಣೆ ತುಂಬುವ ಡಿ6ರಲ್ಲಿ 1-2 ಶತ್ರು, 3 ಟ್ರ್ಯಾಪ್, 4 ವಿಶೇಷ, 5-6 ಖಾಲಿ. ಮೂರರಲ್ಲೊಂದು ಖಾಲಿ! ಹದಿನಾಲ್ಕೂ ತುಂಬಿದ್ದರೆ ಯಾವುದೂ ಎದ್ದು ಕಾಣುವುದಿಲ್ಲ. ಖಾಲಿ ಎಂದರೆ ಜಗಳವಿಲ್ಲ ಅಷ್ಟೇ, ಅಲ್ಲಿ ಗುರುತುಗಳಿರುತ್ತವೆ.

ನೀರಿನ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಇಲ್ಲಿ 1612ರ ಅಗ್ವಾದ ಕೋಟೆಯ ಅಂಗಳದ ಕೆಳಗೆ 23 ಲಕ್ಷ ಗ್ಯಾಲನ್‌ಗೂ ಹೆಚ್ಚು ನೀರು ಹಿಡಿಯುವ ತೊಟ್ಟಿ ಇದೆ, ಹಡಗುಗಳಿಗೆ ಸಿಹಿನೀರು ಕೊಡಲು ಮಾಡಿದ್ದು. ಮೇಲೆ ಬಯಲು, ಕೆಳಗೆ ಕಂಬಗಳ ಮೇಲೆ ನಿಂತ ಕತ್ತಲು ನೀರು. ಅಂಥದ್ದೊಂದನ್ನು ನಿಮ್ಮ ಕೋಟೆ ಮತ್ತು ವಿಹಾರದ ನಡುವೆ ಇಟ್ಟರೆ ಮಾಟುಂಗಾ ಅವರು ಕೇಳಿದ ಮಹಡಿಯ ದಾರಿಯೂ ಅದೇ ಆಗುತ್ತದೆ. ಆದರೆ ಗೋವಾದ ಕೋಟೆಗಳ ಕಲ್ಲು ಜಂಬಿಟ್ಟಿಗೆ, ತೂತುತೂತು, ಕೆಂಪು. ನಿಮ್ಮ ಬೆಟ್ಟದ್ದು ಕರಿಕಲ್ಲು. ಎರಡನ್ನೂ ಕಲಸಬೇಡಿ, ಕೆಂಪು ಪದರದ ಸುಳಿವು ಹಾಳಾಗುತ್ತದೆ.


ಮುಲುಂಡ್ ಸೀತಾಳೆ, ಮುಂಬೈ

ವರ್ಣನೆಯ ಬಗ್ಗೆ ಯಾರೂ ಹೇಳಲಿಲ್ಲ, ನನಗೆ ಅದೇ ಮುಖ್ಯ ಕಾಣುತ್ತದೆ. ಎಂಟು ಸಾಲು ಓದಬೇಡಿ. ಮೂರು ವಾಕ್ಯ, ಒಟ್ಟು 25ರಿಂದ 30 ಪದ. ಮೊದಲನೆಯದು ಎಷ್ಟು ದೊಡ್ಡದು, ಹೊರಹೋಗಲು ಎಷ್ಟು ದಾರಿ. ಎರಡನೆಯದು ಕಣ್ಣಿನದಲ್ಲ, ಕಿವಿ, ಮೂಗು ಅಥವಾ ಚರ್ಮದ್ದು. ಮೂರನೆಯದು ಕೈ ಹಾಕಬಹುದಾದ ಒಂದು ವಸ್ತು. ಕೊನೆಗೆ ಹೇಳಿದ್ದರ ಕಡೆಗೇ ಆಟಗಾರರು ಹೋಗುತ್ತಾರೆ, ಹಾಗಾಗಿ ಶತ್ರು ಇದ್ದರೆ ಅದನ್ನು ಕೊನೆಗಿಡಿ. ಮೊದಲೇ ಹೇಳಿದರೆ ಉಳಿದ ಮಾತು ಯಾರಿಗೂ ಕೇಳುವುದಿಲ್ಲ.

ಹೀಗೆ ಬೇಡ: 'ನೀವು ಶತಮಾನಗಳ ಮೌನವನ್ನು ತನ್ನೊಳಗೆ ಹುದುಗಿಸಿಕೊಂಡಿರುವ ಒಂದು ಪುರಾತನವಾದ ಭವ್ಯ ಕೋಣೆಯನ್ನು ಪ್ರವೇಶಿಸುತ್ತೀರಿ.' ಇದರಲ್ಲಿ ಹಿಡಿಯಲು ಏನೂ ಇಲ್ಲ.

ಹೀಗೆ ಹೇಳಿ: 'ಲೋಕಲ್ ಡಬ್ಬಿಯಷ್ಟು ಉದ್ದದ ಕೋಣೆ, ಆಚೆ ತುದಿ ಕಾಣಿಸ್ತಿಲ್ಲ. ಬಾವಲಿ ಹಿಕ್ಕೆಯ ಘಾಟು, ಕಣ್ಣು ಉರೀತಿದೆ. ಎಡಗಡೆ ಕಲ್ಲುಕಟ್ಟೆ ಮೇಲೆ ಯಾರೋ ಮಡಚಿಟ್ಟ ಕಂಬಳಿ, ಅದರ ಮೇಲೆ ಹಿಕ್ಕೆ ಬಿದ್ದಿಲ್ಲ.' ಕೊನೆಯ ತುಣುಕಿನಿಂದ ಯಾರೋ ಇತ್ತೀಚೆಗೆ ಮಲಗಿದ್ದಾರೆ ಅಂತ ಅವರೇ ಹೇಳಬೇಕು, ನೀವು ಹೇಳಬಾರದು.

ಅಡಿಯಲ್ಲಿ ಅಳತೆ ಹೇಳಿದರೆ ಯಾರ ಮನಸ್ಸಿಗೂ ಇಳಿಯುವುದಿಲ್ಲ. ನಮ್ಮ ಮುಂಬೈ ಲೋಕಲ್ ರೈಲಿನ ಡಬ್ಬಿ ಒಂದು ಸುಮಾರು 20 ಮೀಟರ್, ಅಂದರೆ 65 ಅಡಿ ಚಿಲ್ಲರೆ. ಅಗಲ 12 ಅಡಿ. ಪಂಜಿನ ಬೆಳಕು ಮಂದವೂ ಸೇರಿ ಅದರ ಅರ್ಧ ದಾಟಿ ಸ್ವಲ್ಪ ಮುಂದೆ ನಿಲ್ಲುತ್ತದೆ. ಡಾರ್ಕ್‌ವಿಷನ್ ಹೆಚ್ಚುಕಡಿಮೆ ಕೊನೆಯ ಸೀಟಿನವರೆಗೆ. ಹೀಗೆ ಹೇಳಿದರೆ ಮತ್ತೆ ವಿವರಿಸಬೇಕಿಲ್ಲ. ಪುಣೆಯಲ್ಲಿ ಆಡುವವರು ತಮಗೆ ಗೊತ್ತಿರುವ ಅಳತೆ ಇಟ್ಟುಕೊಳ್ಳಿ.

ಕನ್ನಡದಲ್ಲಿ ಆಡುತ್ತಿದ್ದೀರಿ, ಆ ಬಲ ಬಳಸಿಕೊಳ್ಳಿ. ನಮ್ಮಲ್ಲಿ ಸದ್ದಿನ ಪದಗಳಿಗೆ ಕೊನೆಯಿಲ್ಲ. ಒಂದೊಂದು ಜೀವಿಗೆ ಒಂದೊಂದು ಸದ್ದು ಕಟ್ಟಿಕೊಡಿ, ಬದಲಿಸಬೇಡಿ. ಕೊಬೋಲ್ಡ್ ಅಂದರೆ ಯಾವಾಗಲೂ 'ಪರಪರ', ಉಗುರು ಕಲ್ಲಿಗೆ ತಾಗುವುದು. ಟಾಕಿ ಅಂದರೆ 'ತೊಟ್... ತೊಟ್', ನಡುವೆ ಎರಡು ಉಸಿರು ಬಿಡಿ. ಕಿಲ್ಲೇದಾರ ಅಂದರೆ 'ಝಣ್' ಒಂದೇ ಸಲ, ಆಮೇಲೆ ಏನೂ ಇಲ್ಲ. ಮೂರನೇ ಕೋಣೆಯಲ್ಲಿ ದೂರದಿಂದ ಕೇಳಿಸಿದ ಆ ಝಣ್ ಹನ್ನೆರಡನೇ ಕೋಣೆಯಲ್ಲಿ ಬೆನ್ನಹಿಂದೆ ಕೇಳಿದರೆ ಹೆಸರು ಹೇಳುವ ಅಗತ್ಯವೇ ಇಲ್ಲ. ವಾಸನೆಗೂ ಹಾಗೇ: ಕಮಟು, ಘಾಟು, ಮುಗ್ಗಲು, ಸೀದದ್ದು, ಇವು ನಾಲ್ಕೂ ಬೇರೆ ಬೇರೆ. ಎಲ್ಲದಕ್ಕೂ 'ಕೆಟ್ಟ ವಾಸನೆ' ಅಂದರೆ ನಾಲ್ಕು ಕೋಣೆ ಒಂದಾಗುತ್ತವೆ.


ಕೋಥ್ರೂಡ್ ದಾಳ, ಪುಣೆ

ಇಷ್ಟು ಬೇಗ ಇಷ್ಟೊಂದು ಸಿಗುತ್ತದೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಧನ್ಯವಾದ. ನಕ್ಷೆ ತಿದ್ದಿದೆ: ಗೆರೆ 16, ಸುತ್ತು ಮೂರು, ಖಾಲಿ ಕೋಣೆ ನಾಲ್ಕು, ಅಗುಳಿ ಬಾಗಿಲು 1 ಮತ್ತು 9ರ ನಡುವೆ. ಇನ್ನೆರಡು ಪ್ರಶ್ನೆ. ಟ್ರ್ಯಾಪ್‌ಗಳನ್ನು ಹೇಗೆ ತಿದ್ದಲಿ? 14 ಕೋಣೆ ಮೂರೂವರೆ ಗಂಟೆಯಲ್ಲಿ ಮುಗಿಯುತ್ತದೆಯೇ, ಅಥವಾ ಕಡಿಮೆ ಮಾಡಲೇ?


ಗುಮ್ಮಟ ಪುಣೇಕರ, ಪುಣೆ

ಟ್ರ್ಯಾಪ್ ಮುಚ್ಚಿ ಇಡಬ್ಯಾಡ್ರಿ, ಅರ್ಧ ತೋರಸ್ರಿ. ಹತ್ತು ಅಡಿ ಕುಣಿಗೆ ಬಿದ್ರ 1ಡಿ6 ಪೆಟ್ಟು (ಒಂದ ಡಿ6 ದಾಳ), ಸರಾಸರಿ ಮೂರೂವರೆ. ಕಾನ್ (ಮೈಯ ತಾಳಿಕಿ) 14 ಇದ್ದ ಲೆವೆಲ್ 3 ಫೈಟರ್‌ಗೆ ಜೀವದ ಪಾಯಿಂಟ್ 28. ಎಂಟರಾಗ ಒಂದು ಪಾಲು ಹೋತು, ಅದು ನೆನಪ ಇರಾಕ ಸಾಧ್ಯ ಇಲ್ಲ. ಕುಣಿಗೆ ಬಿದ್ದಾಂವ ಮಂದಿಯಿಂದ ಬ್ಯಾರೆ ಆದ, ಪಂಜು ಆರಿತು, ಸದ್ದು ಕೇಳಿ ಕೊಬೋಲ್ಡ್ ಬಂದೂವು ಅಂದ್ರ ನೆನಪ ಇರ್ತದ.

ನಮ್ಮ ಕಡೆಯ ಒಂದ ಟ್ರ್ಯಾಪ್ ಕೊಡ್ತೀನಿ, ದಾಳ ಬ್ಯಾಡ: ಹಗೇವು. ವಿಜಯಪುರ, ಬಾಗಲಕೋಟಿ ಕಡೆ ಜ್ವಾಳ ಇಡೂ ನೆಲದೊಳಗಿನ ಕುಣಿ. ಬಾಯಿ ಸಣ್ಣದು, ಒಬ್ಬ ಮನಷ್ಯಾ ಇಳಿಯೂವಷ್ಟು, ಹೊಟ್ಟಿ ಅಗಲ. ಮುಚ್ಚಿದ ಕುಣಿಯೊಳಗ ಕಾಳು ಉಸಿರಾಡಿ ಒಳ್ಳೆ ಗಾಳಿ ಖಾಲಿ ಮಾಡ್ತಾವ, ಕಾರ್ಬನ್ ಡೈಆಕ್ಸೈಡ್ ತಳಕ್ಕ ಕೂಡ್ತದ. ಬಾಯಿ ತಗದು ಗಾಳಿ ಆಡಾಕ ಬಿಡದ ಇಳದ್ರ ಜೀವಾ ಹೋಗ್ತದ. ಅದಕ್ಕ ಇಳಿಯೂ ಮೊದಲ ದೀಪ ಇಳಿಬಿಟ್ಟು ನೋಡ್ತಾರ, ಆರಿದ್ರ ಇಳಿಯಂಗಿಲ್ಲ.

ಡಂಜನ್ನಿನಾಗ ಹಿಂಗ ಇಡ್ರಿ. ಸಹ್ಯಾದ್ರಿ ಮಳಿಗೆ ಮಣ್ಣಿನ ಹಗೇವು ನೀರು ಹಿಡೀತದ, ಅದಕ್ಕ ಬಂಡಿಯೊಳಗ ಕೊರದದ್ದು ಮಾಡ್ರಿ, ಬಾಯಿಗೆ ಒಂದ ಮೊಳ ಎತ್ತರದ ಕಟ್ಟಿ, ಮ್ಯಾಲೆ ಕಲ್ಲಿನ ಮುಚ್ಚಳ. ಆಳ 15 ಅಡಿ. ತಳದಾಗ ಕಿಲ್ಲೇದಾರನ ಕೀಲಿಕೈ ಹೊಳೀತದ. ಸುಳಿವು ಮೂರು: ಕಾಳು ಹಂಗ ಅದ, ಯಾವ ಪ್ರಾಣಿನೂ ತಿಂದಿಲ್ಲ, ಕಾಳಿನ ಮ್ಯಾಲೆ ಇಲಿಗಳ ಎಲುಬು, ಮುಚ್ಚಳದ ಬಾಜೂಕ ಹಗ್ಗ ಕಟ್ಟಿದ ಹಣತಿ. ಹಣತಿ ಇಳಿಸಿದ್ರ ಆರತದ. ಇಳಿಸದ ಹಾರಿದಾಂವಗ ಮೊದಲ ಒಂದ ಸಾಲು, 'ತಲಿ ಭಾರ ಆಗಾಕತ್ತದ'. ಅಷ್ಟಕ್ಕ ಉಸಿರು ಹಿಡದ್ರ ಕಾನ್ 14 ಇದ್ದಾಂವಗ 3 ನಿಮಿಷ, ಆಮ್ಯಾಲೆ 2 ಸುತ್ತು (ಜಗಳದ ಸುತ್ತು, ಒಂದಕ್ಕ 6 ಸೆಕೆಂಡ್), ಆಮ್ಯಾಲೆ ಜೀವದ ಪಾಯಿಂಟ್ ಸೊನ್ನೆ. ಹಿಡೀಲಿಲ್ಲಂದ್ರ ಆ 2 ಸುತ್ತು ಈಗಿಂದನ ಸುರು. ದಾಟೂ ದಾರಿ ಭಾಳ ಅದಾವ: ಹಗ್ಗಕ್ಕ ಕೊಕ್ಕಿ, ಮೇಜ್ ಹ್ಯಾಂಡ್ ಅನ್ನೂ ಮಾಯದ ಕೈ, ಒಂದ ತಾಸು ಮುಚ್ಚಳ ತಗದು ಕಂಬಳಿಲೆ ಗಾಳಿ ಬೀಸೂದು. ಆ ತಾಸಿಗೆ ವಾಸ್ಕೋ ಅವರ ಲೆಕ್ಕದಾಗ ಆರು ಸರದಿ, ಮೂರು ದಾಳ, ಒಂದ ಪಂಜು. ನೋಡ್ರಿ, ಟ್ರ್ಯಾಪ್ ಯಾರಿಗೂ ಹೊಡೀಲಿಲ್ಲ, ಆದ್ರೂ ಬೆಲೆ ತಗೊಂಡಿತು.

ಕೋಟೆ ಕಡೆಯಿಂದ ಬರೂ ಬಾಗಿಲಕ್ಕ ಗೋಮುಖಿ ರಚನೆ ಕೊಡ್ರಿ, ರಾಯಗಡದ ಮಹಾದರವಾಜಾದ ಹಂಗ. ಎರಡು ಬುರುಜಿನ ನಡುವ ದಾರಿ ತಿರುವು ತಗೋತದ, ಹತ್ರ ಬರೂತನಕ ಬಾಗಿಲ ಕಾಣೂದಿಲ್ಲ, ಕಂಡಾಗ ಎರಡೂ ಕಡೆ ಮ್ಯಾಲಿಂದ ಬಾಣ. ಕಿಂಡಿ ಹಿಂದ ನಿಂತ ಕೊಬೋಲ್ಡ್‌ಗೆ ಮುಕ್ಕಾಲು ಮರೆ, ಎಸಿಗೆ, ಅಂದ್ರ ಪೆಟ್ಟು ತಾಗಾಕ ಮುಟ್ಟಬೇಕಾದ ಅಂಕಿಗೆ, 5 ಹೆಚ್ಚು. 12 ಇದ್ದದ್ದು 17. ಐದೈದ ಪಾಯಿಂಟಿನ ನಾಕು ಕೊಬೋಲ್ಡ್ ಅಲ್ಲೆ ಒಂದ ಸೈನ್ಯ ಆಗ್ತಾವ. ಆದ್ರ ಸುರಂಗ ಹಿಡದು ಹಿಂದಿಂದ ಬಂದ್ರ ಆ ಮರೆ ಪೂರ್ತಿ ಇಲ್ಲ. ಅದಕ್ಕ ಸುತ್ತುದಾರಿ ಬೇಕಾಗಿದ್ದು.


ಮುಲುಂಡ್ ಸೀತಾಳೆ, ಮುಂಬೈ

ಹೊತ್ತಿನ ಲೆಕ್ಕ: 210 ನಿಮಿಷದಲ್ಲಿ ಚಹಾ, ಹಿಂದಿನ ಸಲದ ನೆನಪು ಅಂತ 25 ತೆಗೆಯಿರಿ. ನಾಲ್ಕು ಜನರ ಒಂದು ಸಾಧಾರಣ ಜಗಳ 35-40 ನಿಮಿಷ ತಿನ್ನುತ್ತದೆ. ಎರಡು ಜಗಳಕ್ಕೆ 75. ಉಳಿದದ್ದು 110. ಹಗೇವಿನಂಥ ಕೋಣೆಗೆ 20-25, ಖಾಲಿ ಕೋಣೆಗೆ 5. ಹಾಗೆ ಒಂದು ಸೆಷನ್‌ಗೆ ಏಳು ಕೋಣೆ ಆಗಬಹುದು. ಕಡಿಮೆ ಮಾಡಬೇಡಿ, ಎರಡು ಸೆಷನ್ ಮಾಡಿ. ಆ ಅಗುಳಿ ಬಾಗಿಲನ್ನು ಏಳನೇ ಕೋಣೆಗೆ ತನ್ನಿ, ಮೊದಲ ದಿನ ಅದನ್ನು ತೆಗೆದು ಹೊರಗೆ ಬಂದು ನಿಲ್ಲಲಿ.

ನಕ್ಷೆ ಆಟಗಾರರೇ ಬರೆಯಲಿ, ಆದರೆ ಚೌಕದ ಕಾಗದದಲ್ಲಿ ಅಳತೆ ಹಿಡಿದು ಅಲ್ಲ. ಅದಕ್ಕೇ ಅರ್ಧ ಗಂಟೆ ಹೋಗುತ್ತದೆ. ಸೊನ್ನೆಗಳು, ಗೆರೆಗಳು, ಪ್ರತಿ ಸೊನ್ನೆಯೊಳಗೆ ಅವರೇ ಇಟ್ಟ ಹೆಸರು. 'ಕೋಣೆ 6' ಎಂದು ನೀವು ಬಾಯಿ ಬಿಟ್ಟು ಹೇಳಲೇಬಾರದು. ಅವರು 'ಕಂಬಳಿ ಕೋಣೆ' ಅಂದರೆ ನಿಮ್ಮ ಟಿಪ್ಪಣಿಯಲ್ಲೂ ಹೆಸರು ಬದಲಿಸಿ.


ವಾಸ್ಕೋ ಹಣತೆ, ಗೋವಾ

ಎರಡು ಸೆಷನ್ ಆದರೆ ನಡುವಿನ ದಿನಗಳಲ್ಲಿ ಒಳಗೆ ಏನಾಯಿತು ಅಂತ ಬರೆದಿಟ್ಟುಕೊಳ್ಳಿ ತಮ್ಮಾ, ಹೆಚ್ಚೆಂದರೆ ನಾಲ್ಕು ಸಾಲು. ಬದುಕಿ ಓಡಿದ ಕೊಬೋಲ್ಡ್‌ಗಳು ಎಲ್ಲಿ ಸೇರಿಕೊಂಡವು? ಸತ್ತವನ್ನು ಎಲ್ಲಿಗೆ ಎಳೆದುಕೊಂಡು ಹೋದವು? ಅಗುಳಿ ಬಾಗಿಲನ್ನು ಮತ್ತೆ ಹಾಕಿ ಹಿಂದೆ ಕಲ್ಲು ಒಟ್ಟಿರುತ್ತವೆ; ಆಟಗಾರರು ತೆಗೆಯಲು ಎರಡು ಸರದಿ, ಸದ್ದಿಗೆ ಒಂದು ದಾಳ. ಖಾಲಿ ಮಾಡಿದ ಪ್ರತಿ ಕೋಣೆಗೂ ಡಿ6 ಉರುಳಿಸಿ, 1 ಬಿದ್ದರೆ ಹೊಸದೇನೋ ಬಂದು ಸೇರಿದೆ. ಹಗೇವಿನ ಮುಚ್ಚಳ ತೆರೆದೇ ಬಿಟ್ಟಿದ್ದರೆ ಅಷ್ಟು ದಿನದಲ್ಲಿ ಗಾಳಿ ಶುದ್ಧವಾಗಿರುತ್ತದೆ, ಕೊಬೋಲ್ಡ್‌ಗಳು ಕಾಳು ಹೊತ್ತುಕೊಂಡು ಹೋಗಿರುತ್ತವೆ. ಕೀಲಿಕೈ ಮೊದಲ ದಿನ ತೆಗೆದುಕೊಳ್ಳದಿದ್ದರೆ ಅದೂ ಅಲ್ಲಿಲ್ಲ. ನೀರು ಹೊರುವ ಆ ಒಂಟಿ ಕೊಬೋಲ್ಡ್‌ನ ಕೊರಳಲ್ಲಿ ತೂಗುತ್ತಿರುತ್ತದೆ.